ಭಾವನ ಕೈಯ ಉಪ್ಪು

ನಮ್ಮ ಭಾವ ತಲೆಗೂದಲು ಬೆಳ್ಳಗಾಗುವವರೆಗೂ ಚಮಚದಲ್ಲಿ ಅಳೆದು ಉಪ್ಪು ಹಾಕಿದವರಲ್ಲ. ಎರಕದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವರು ದೊಡ್ಡ ಅಡುಗೆಯವರು. ಸೊಂಟದೆತ್ತರದ ಹಂಡೆಯಲ್ಲಿ ಕಾಳು ಕುದಿಯುತ್ತಿದ್ದರೆ, ಪಕ್ಕದ ಡಬ್ಬಕ್ಕೆ ಕೈ ಇಳಿಸಿ, ಮುಷ್ಟಿ ತುಂಬ ಉಪ್ಪು ತೆಗೆದು, ಮಣಿಕಟ್ಟನ್ನು ಒಮ್ಮೆ ತಿರುಗಿಸಿ ಎರಚುತ್ತಿದ್ದರು. ಆಮೇಲೆ ಸೌಟಿನಲ್ಲಿ ಎತ್ತಿ, ಊದದೆ, ಆರಲು ಬಿಡದೆ, ಕುದಿಯುತ್ತಿರುವುದನ್ನೇ ನಾಲಿಗೆಯ ಮೇಲೆ ಬಿಟ್ಟುಕೊಳ್ಳುತ್ತಿದ್ದರು. ಬಾಯಿ ಚಪ್ಪರಿಸಿದರೆಂದರೆ ಆ ದಿನದ ಊಟಕ್ಕೆ ಮುದ್ರೆ ಬಿದ್ದಂತೆ. ನಾನೊಮ್ಮೆ, "ಭಾವ, ನಾಲಿಗೆಗೇನು ತಗಡು ಹೊಡೆಸಿದೀರಾ?" ಎಂದು ಕೇಳಿದ್ದಕ್ಕೆ, "ಬಂದ್ಲಪ್ಪ ಮೆಣಸಿನಕಾಯಿ" ಎಂದು ನಕ್ಕಿದ್ದರು. ನಾನು ಅವರ ಹೆಂಡತಿಯ ತಂಗಿ. ಬಸ್ ನಿಲ್ದಾಣದಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂತು ದಿನವಿಡೀ ಜನರ ಜೊತೆ ಜಗಳವಾಡುವವಳು. ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ ಆ ಹೆಸರು ನನಗೆ ಅಂಟಿಕೊಂಡುಬಿಟ್ಟಿತು.

ಅವರ ಕೈಗೆ ಆ ಅಳತೆ ಸುಮ್ಮನೆ ಬಂದದ್ದಲ್ಲ. ಅವರು ಕೆಲಸಕ್ಕೆ ಸೇರಿದಾಗ ಕಾರ್ಖಾನೆಯಲ್ಲಿ ಮನುಷ್ಯರೇ ಕುಲುಮೆಯ ಬಾಯಿಗೆ ನಿಲ್ಲುತ್ತಿದ್ದರು. ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ದು ಊಟಕ್ಕೆ ಬಂದವರ ಅಂಗಿಯ ಬೆನ್ನಿನ ಮೇಲೆ ಬೆವರು ಒಣಗಿ ಬಿಳಿ ಗೆರೆ ಎದ್ದಿರುತ್ತಿತ್ತು. ಆಗಿನ ಹಳೆಯ ಅಡುಗೆಯವರು ಆ ಗೆರೆ ತೋರಿಸಿ ಭಾವನಿಗೆ ಹೇಳಿದ್ದರಂತೆ, "ನೋಡು, ಮೈಯಿಂದ ಹೋದದ್ದನ್ನ ತಟ್ಟೇಲಿ ವಾಪಸ್ ಕೊಡಬೇಕು. ಇಲ್ಲಾಂದ್ರೆ ಸಾಯಂಕಾಲದ ಹೊತ್ತಿಗೆ ಕಾಲು ಹಿಡ್ಕೊಂಡು ಬಿದ್ದೋಗ್ತಾರೆ." ಭಾವ ಅದನ್ನು ಮಂತ್ರದ ಹಾಗೆ ಹಿಡಿದುಕೊಂಡರು. ಮುಂದೆ ಕುಲುಮೆಯ ಕೆಲಸಕ್ಕೆ ಯಂತ್ರಗಳು ಬಂದವು. ಕುಲುಮೆಯ ಜನ ಕಡಿಮೆಯಾದರು, ಫ್ಯಾನಿನ ಕೆಳಗೆ ಕೂರುವವರು ಹೆಚ್ಚಾದರು. ಮುಷ್ಟಿ ಮಾತ್ರ ಹಾಗೇ ಉಳಿಯಿತು. ಉಳಿಯಿತು ಅನ್ನುವುದೂ ತಪ್ಪು, ವರ್ಷ ಕಳೆದಂತೆ ಅದು ದೊಡ್ಡದಾಗುತ್ತ ಹೋಯಿತು. ಅದು ಯಾರ ಗಮನಕ್ಕೂ ಬರಲಿಲ್ಲ, ಏಕೆಂದರೆ ತಿನ್ನುವವರ ನಾಲಿಗೆಯೂ ಅದರ ಜೊತೆಗೇ ಬೆಳೆಯುತ್ತಿತ್ತು.

ಅಕ್ಕ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಚ್ಚುತ್ತಿದ್ದಳು. ಉದ್ದನೆಯ ತಂಪಾದ ಕೋಣೆ, ಸಾಲಾಗಿ ಸ್ಟೂಲುಗಳು, ಬಗ್ಗಿದ ಕುತ್ತಿಗೆಗಳು. ಅಲ್ಲಿ ಹಣೆಯ ಮೇಲೆ ಒಂದು ಹನಿ ಬೆವರು ಮೂಡಿದರೂ ಬಟ್ಟೆಗೆ ಕಲೆಯಾಗುತ್ತದೆ ಎಂದು ಮೇಲ್ವಿಚಾರಕಿ ಬೈಯುತ್ತಿದ್ದಳು. ಅಂಥವಳಿಗೆ ಮದುವೆಯಾದ ದಿನದಿಂದ ಕುಲುಮೆಯವರ ಊಟ. ಏಕೆಂದರೆ ಮನೆಯಲ್ಲೂ ಭಾವನೇ ಅಡುಗೆ ಮಾಡುತ್ತಿದ್ದರು. ಕ್ಯಾಂಟೀನಿನಲ್ಲಿ ಹಂಡೆ ತೊಳೆಸಿ ಬಂದು, ಕೈಕಾಲು ತೊಳೆದು, ಮತ್ತೆ ಒಲೆಯ ಮುಂದೆ ನಿಲ್ಲುವ ಗಂಡ ಯಾರಿಗೆ ಸಿಗುತ್ತಾನೆ? ನಮ್ಮ ಬೀದಿಯ ಹೆಂಗಸರೆಲ್ಲ ಅಕ್ಕನನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಅವಳ ಲಂಚ್ ಡಬ್ಬಿಯನ್ನೂ ಅವರೇ ತುಂಬಿ, ಮುಚ್ಚಳ ಒರೆಸಿ, ಬಟ್ಟೆ ಸುತ್ತಿ ಕೊಡುತ್ತಿದ್ದರು. ಮಕ್ಕಳಾಗಲಿಲ್ಲ. ಆ ಅಕ್ಕರೆಯೆಲ್ಲ ಅಡುಗೆಯ ರೂಪದಲ್ಲಿ ಅಕ್ಕನ ತಟ್ಟೆಗೇ ಬೀಳುತ್ತಿತ್ತು.

ಮದುವೆಯಾದ ಹೊಸದರಲ್ಲಿ ಅಕ್ಕ, "ಬಾಯಿ ಉರಿಯತ್ತೆ ಕಣೇ" ಅಂತ ನನ್ನ ಕಿವಿಯಲ್ಲಿ ಹೇಳಿದ್ದಳು. ವರ್ಷ ತಿರುಗುವುದರೊಳಗೆ ಅಮ್ಮನ ಮನೆಗೆ ಬಂದು ಒಂದು ತುತ್ತು ತಿಂದವಳೇ, "ಅಮ್ಮಾ, ಉಪ್ಪು ಹಾಕೋದು ಮರ್ತ್ಯಾ?" ಎಂದಳು. ಅಮ್ಮನ ಮುಖ ಸಣ್ಣದಾಯಿತು. ಭಾವನ ಮುಖ ಅರಳಿತು. ತನ್ನ ಕೈರುಚಿಗೆ ಹೆಂಡತಿ ಬಿದ್ದುಹೋಗಿದ್ದಾಳೆ, ಇನ್ನೆಲ್ಲಿ ತಿಂದರೂ ಅವಳಿಗೆ ಸೇರುವುದಿಲ್ಲ ಎಂದು ಅವರು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದಾರೆ. ಹೆಂಡತಿಗೆ ಚಿನ್ನ ಮಾಡಿಸಿದ ಗಂಡಸು ಕೂಡ ಅಷ್ಟು ಹೆಮ್ಮೆಯಿಂದ ಹೇಳಲಿಕ್ಕಿಲ್ಲ.

ಹೀಗೆ ಕಾಲ ಹೋಯಿತು. ಅಕ್ಕನಿಗೆ ನಡುವಯಸ್ಸಿನಲ್ಲಿ ತಲೆನೋವು ಶುರುವಾಯಿತು. ಗುಂಡಿ ಹಚ್ಚುವವರಿಗೆ ತಲೆನೋವು ಹೊಸದಲ್ಲ, ಕಣ್ಣಿಗೆ ಕನ್ನಡಕ ಬಂತು. ಆಮೇಲೆ ಸಂಜೆಯ ಹೊತ್ತಿಗೆ ಪಾದ ಊದತೊಡಗಿತು. ಚಪ್ಪಲಿ ಬಿಚ್ಚಿದರೆ ಪಟ್ಟಿಯ ಗುರುತು ಪಾದದ ಮೇಲೆ ಹಳ್ಳವಾಗಿ ಕೂತಿರುತ್ತಿತ್ತು. ದಿನವಿಡೀ ಕೂತೇ ಇರುತ್ತೇನಲ್ಲ ಅದಕ್ಕೆ ಎಂದು ಅವಳೇ ಸಮಾಧಾನ ಹೇಳಿಕೊಂಡಳು. ಕೊನೆಗೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿ ಗೋಡೆ ಹಿಡಿದು ನಿಂತದ್ದನ್ನು ನಾನು ಕಣ್ಣಾರೆ ಕಂಡು, ಎಳೆದುಕೊಂಡೇ ಆಸ್ಪತ್ರೆಗೆ ಕರೆದೊಯ್ದೆ. ಭಾವನೂ ಕ್ಯಾಂಟೀನಿನ ಏಪ್ರನ್ ಬಿಚ್ಚದೆ ಓಡಿ ಬಂದರು.

ಡಾಕ್ಟರಮ್ಮ ಸುತ್ತಿಬಳಸಿ ಮಾತಾಡುವವರಲ್ಲ. ಬಿಪಿ ಬಹಳ ವರ್ಷಗಳಿಂದ ಏರಿಯೇ ಇದೆ, ಅದರ ವಿರುದ್ಧ ಬಡಿದೂ ಬಡಿದೂ ಹೃದಯ ಸೋತಿದೆ, ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದರು. "ಮಾತ್ರೆ ಕೊಡ್ತೀನಿ. ಆದ್ರೆ ಉಪ್ಪು ಬಿಡದೆ ಮಾತ್ರೆ ನುಂಗಿದ್ರೆ ತೂತಿನ ಬಿಂದಿಗೆಗೆ ನೀರು ಹೊಯ್ದ ಹಾಗೆ. ಇಡೀ ದಿನದ ಅಡುಗೆಗೆ ಟೀ ಚಮಚದಲ್ಲಿ ಕಾಲು ಭಾಗ, ಅಷ್ಟೇ. ಮನೇಲಿ ಅಡುಗೆ ಯಾರು ಮಾಡ್ತೀರಿ?"

"ನಾನೇ," ಎಂದರು ಭಾವ. "ನೀವು ಹೇಳಿದ್ರಲ್ಲ, ಸಾಕು. ಇನ್ನು ಅದು ನನ್ನ ಜವಾಬ್ದಾರಿ."

ಅವರು ಬಾಯಿಮಾತಿಗೆ ಹೇಳಿದ್ದಲ್ಲ. ಇದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಮುಂದೆ ಈ ಕಥೆ ಕೇಳಿದವರಲ್ಲಿ ಕೆಲವರು ಅವರನ್ನು ಬೇಜವಾಬ್ದಾರಿ ಮನುಷ್ಯ ಎಂದರು. ಅಂಥವರ ಬಾಯಿ ಮುಚ್ಚಿಸುವುದರಲ್ಲಿ ನನ್ನದು ಎತ್ತಿದ ಕೈ. ಅವತ್ತೇ ಮನೆಗೆ ಹೋಗಿ ಉಪ್ಪಿನಕಾಯಿಯ ಜಾಡಿ, ಒಣಮೀನು, ಚಿಪ್ಸಿನ ಪೊಟ್ಟಣ ಎಲ್ಲವನ್ನೂ ಪಕ್ಕದ ಮನೆಗೆ ಕೊಟ್ಟುಬಿಟ್ಟರು. ಅಕ್ಕನಿಗೆಂದೇ ಒಂದು ಸಣ್ಣ ಪಾತ್ರೆ ತಂದರು. ಅದಕ್ಕೆ ಬೇರೆ ಸೌಟು, ಬೇರೆ ಮುಚ್ಚಳ. ತಮಗೊಬ್ಬರಿಗೆ ರುಚಿಯಾಗಿ ಮಾಡಿಕೊಳ್ಳುವುದು ಬೇಡವೆಂದು ತಾವೂ ಅದೇ ಪಾತ್ರೆಯಿಂದ ತಿಂದರು. ಇಬ್ಬರಿಗೆ ಸರಿಯಾಗಿ ಮಾಡುತ್ತಿದ್ದುದರಿಂದ ಬೇರೆ ಯಾರೂ ಆ ಪಾತ್ರೆಗೆ ಕೈ ಹಾಕುತ್ತಿರಲಿಲ್ಲ. ನಾನು ಹೋದರೆ ನನಗೆ ಟೀ, ಬ್ರೆಡ್ಡು, ಒಂದಿಷ್ಟು ಬೈಗುಳ.

ಚಮಚ ಮಾತ್ರ ತರಲಿಲ್ಲ. "ಇಷ್ಟು ಸಾವಿರ ಜನಕ್ಕೆ ಉಣ್ಣಿಸಿದ ಕೈ ಇದು. ಇವತ್ತು ಇದಕ್ಕೆ ಚಮಚ ಕಲಿಸ್ಬೇಕಾ?" ಎಂದರು. ಮುಷ್ಟಿ ಹೋಗಿ ಚಿಟಿಕೆಯಾಯಿತು. ಹಂಡೆಗೆ ಒಗ್ಗಿದ ದಪ್ಪ ಕೈಯ, ಮೂರು ಬೆರಳಿನ ದೊಡ್ಡ ಚಿಟಿಕೆ. ಹಾಕಿ, ಕಲಕಿ, ಯಥಾಪ್ರಕಾರ ಕುದಿಯುವುದನ್ನೇ ನಾಲಿಗೆಗೆ ಬಿಟ್ಟುಕೊಂಡು ಮುಖ ಕಿವುಚುತ್ತಿದ್ದರು. "ಥೂ, ಬರೀ ನೀರು. ಸರಿಯಾಗಿದೆ." ಅಕ್ಕನೂ ಒಂದು ತುತ್ತು ಬಾಯಿಗಿಟ್ಟು, "ಹುಲ್ಲು ತಿಂದ ಹಾಗಿದೆ ರೀ" ಎನ್ನುತ್ತಿದ್ದಳು. ಇಬ್ಬರೂ ಎದುರುಬದುರು ಕೂತು, ಕಷಾಯ ಕುಡಿಯುವವರ ಹಾಗೆ ಗಂಟುಮುಖ ಹಾಕಿಕೊಂಡು ತಿನ್ನುವುದನ್ನು ನೋಡಿ ನನಗೆ ನಗುವೂ ಬರುತ್ತಿತ್ತು, ಅಯ್ಯೋ ಪಾಪ ಅಂತಲೂ ಅನ್ನಿಸುತ್ತಿತ್ತು.

ಊತ ಇಳಿಯಲಿಲ್ಲ. ಡಾಕ್ಟರಮ್ಮ ಮಾತ್ರೆ ಬದಲಿಸಿದರು, ಆಮೇಲೆ ಹೆಚ್ಚಿಸಿದರು. ತೂಕದ ಯಂತ್ರದ ಮೇಲೆ ಅಕ್ಕನನ್ನು ನಿಲ್ಲಿಸಿ, ಮುಳ್ಳನ್ನು ನೋಡಿ, ಅವಳ ಮುಖ ನೋಡಿದರು.

"ಎಲ್ಲೋ ಉಪ್ಪು ಹೋಗ್ತಿದೆ."

"ಇಲ್ಲ ಡಾಕ್ಟ್ರೇ, ಸಪ್ಪೆ ಊಟಾನೇ ಮಾಡ್ತಿದೀನಿ."

"ಎಲ್ಲಾರೂ ಹೀಗೇ ಹೇಳ್ತಾರಮ್ಮ. ಕದ್ದು ತಿಂದ್ರೆ ನಷ್ಟ ನನಗಲ್ಲ, ನಿಮಗೆ."

ಆ ಮಾತು ಭಾವನ ತಲೆಯಲ್ಲಿ ಹುಳ ಬಿಟ್ಟಿತು. ತಾನು ಮಾಡುವುದು ಸಪ್ಪೆ, ಅದರಲ್ಲಿ ಅನುಮಾನವಿಲ್ಲ, ತನ್ನ ನಾಲಿಗೆಯೇ ಸಾಕ್ಷಿ. ಹಾಗಾದರೆ ಉಪ್ಪು ಇನ್ನೆಲ್ಲಿಂದ ಬರಬೇಕು? ಗುಂಡಿ ಹಚ್ಚುವ ಕೋಣೆಯಿಂದ. ಅಲ್ಲಿ ಹೆಂಗಸರು ಒಬ್ಬರ ಡಬ್ಬಿ ಇನ್ನೊಬ್ಬರು ಹಂಚಿಕೊಳ್ಳುತ್ತಾರೆ, ಗೇಟಿನ ಹೊರಗೆ ಹುರಿದ ಕಡಲೆಕಾಯಿ ಮಾರುವವನಿದ್ದಾನೆ. ಭಾವ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದರು. ಸಂಜೆ ಅಕ್ಕ ಬಂದರೆ ಲಂಚ್ ಡಬ್ಬಿ ತೆಗೆದು ಮೂಸುತ್ತಿದ್ದರು. ಅವಳ ಕೈಚೀಲ ಕೊಡವುತ್ತಿದ್ದರು. ಒಂದು ದಿನ ಚೀಲದ ಮೂಲೆಯಲ್ಲಿ ಕಡಲೆಕಾಯಿಯ ಸಿಪ್ಪೆ ಒಂದು ಚೂರು ಸಿಕ್ಕಿತು. ಅದು ಯಾವ ಕಾಲದ್ದೋ ಏನೋ.

ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಭಾವನ ದನಿ ಕೇಳಿತು. "ನಾನು ಇಲ್ಲಿ ನಾಲಿಗೆ ಕಟ್ಕೊಂಡು ನಿನ್ನ ಜೊತೆ ಹುಲ್ಲು ತಿಂತಿದೀನಿ. ನೀನು ಅಲ್ಲಿ ಮಜಾ ಮಾಡ್ತಿದೀಯ."

ಅಕ್ಕ ಕೊಡವಿದ ಚೀಲವನ್ನು ಎತ್ತಿ ಮೊಳೆಗೆ ನೇತುಹಾಕಿದಳು. ಅವಳು ಹಾಗೇ. ತಪ್ಪಿಲ್ಲದಿದ್ದಾಗ ಮಾತು ಹೊರಡುವುದಿಲ್ಲ ಅವಳಿಗೆ. ನನಗೆ ಹೊರಡುತ್ತದೆ. "ಭಾವ, ನಮ್ಮಕ್ಕನ್ನ ಏನಂದ್ಕೊಂಡಿದೀರಿ? ನಿಮ್ಮ ಕ್ಯಾಂಟೀನಲ್ಲಿ ಎರಡೆರಡು ಸಲ ಸಾಲಲ್ಲಿ ನಿಲ್ಲೋರು ಇರ್ತಾರಲ್ಲ, ಹಾಗೆ ಕಳ್ಳಿ ಅಂದ್ಕೊಂಡ್ರಾ?" ಎಂದು ಬಾಯಿಗೆ ಬಂದಂತೆ ಅಂದೆ. ಅವರು ಆ ಸಿಪ್ಪೆಯನ್ನು ಅಂಗೈಯಲ್ಲಿಟ್ಟುಕೊಂಡು, "ಹಾಗಾದ್ರೆ ಇವಳ ಕಾಲು ಯಾಕೆ ಇಳೀತಿಲ್ಲ, ಹೇಳು. ನನಗೆ ಹೆದರಿಕೆ ಆಗತ್ತೆ" ಎಂದರು. ಅವರ ಕಣ್ಣು ತುಂಬಿತ್ತು. ಅಲ್ಲಿಗೆ ನನ್ನ ಕೋಪ ಅರ್ಧ ಇಳಿಯಿತು. ಇನ್ನರ್ಧ ಇವತ್ತಿಗೂ ಇದೆ.

ಅಂದಿನಿಂದ ಅಕ್ಕ ಜೊತೆಯವರನ್ನು ಬಿಟ್ಟು ಒಬ್ಬಳೇ ಕಿಟಕಿಯ ಬಳಿ ಕೂತು ಊಟ ಮಾಡತೊಡಗಿದಳು. ನನ್ನ ಮನೆಗೆ ಬಂದರೆ ಒಂದು ಬಿಸ್ಕತ್ತೂ ಮುಟ್ಟುತ್ತಿರಲಿಲ್ಲ. ಬಲವಂತ ಮಾಡಿದರೆ, "ಬೇಡ ಕಣೇ, ಆಮೇಲೆ ಇವರಿಗೆ ಅನುಮಾನ" ಎನ್ನುತ್ತಿದ್ದಳು. ಭಾವ ಕೊಟ್ಟ ಡಬ್ಬಿಯನ್ನು ಮಾತ್ರ ಒಂದು ಅಗುಳೂ ಬಿಡದೆ ತಿಂದು, ತೊಳೆದು ತರುತ್ತಿದ್ದಳು. ಪ್ರಾಮಾಣಿಕತೆಗೆ ಅವಳ ಹತ್ತಿರ ಇದ್ದ ಪುರಾವೆ ಆ ಖಾಲಿ ಡಬ್ಬಿ ಒಂದೇ.

ಒಂದು ಬೆಳಿಗ್ಗೆ ಅವಳಿಗೆ ಮಲಗಿದಲ್ಲಿಂದ ಏಳಲಾಗಲಿಲ್ಲ. ಶ್ವಾಸಕೋಶಕ್ಕೆ ನೀರು ಏರಿತ್ತು. ಆಸ್ಪತ್ರೆಗೆ ಸೇರಿಸಿ, ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿ, ಸೂಜಿಯಲ್ಲಿ ಔಷಧ ಕೊಟ್ಟು ನೀರು ಇಳಿಸಿದರು. ಅಲ್ಲಿಯ ಅಡುಗೆಮನೆಯಿಂದ ಗಂಜಿ, ಬೇಯಿಸಿದ ತರಕಾರಿ ಬರುತ್ತಿತ್ತು. ಅಕ್ಕ ಒಂದು ಚಮಚ ತಿಂದು ಮುಖ ತಿರುಗಿಸುತ್ತಿದ್ದಳು. "ಇದು ಮಣ್ಣು ಕಣೇ. ಇವರು ಮಾಡೋ ಸಪ್ಪೇಲಾದ್ರೂ ಏನೋ ಒಂದು ರುಚಿ ಇರತ್ತೆ." ಅವಳು ತಿನ್ನುತ್ತಿಲ್ಲ ಎಂದು ಭಾವ ನರ್ಸಿಗೆ ದುಂಬಾಲುಬಿದ್ದು, ಮನೆಯಿಂದ ಸಪ್ಪೆ ಊಟ ತರಲು ಒಪ್ಪಿಗೆ ಪಡೆದರು.

ಮರುದಿನ ಮಧ್ಯಾಹ್ನ ಆ ಸಣ್ಣ ಪಾತ್ರೆಯನ್ನೇ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು. ಕಾಳು, ಆಲೂಗಡ್ಡೆ, ಒಂದಿಷ್ಟು ಸೊಪ್ಪು. ಪಕ್ಕದ ಮಂಚದಲ್ಲಿ ಒಬ್ಬ ಅಜ್ಜಿ ಇದ್ದರು. ಅವರಿಗೂ ಇದೇ ಕಾಯಿಲೆ, ಉಪ್ಪು ಬಿಟ್ಟು ಬಹಳ ಕಾಲವಾಗಿತ್ತು. ಭಾವ ಅಡುಗೆಯವರೆಂದು ಕೇಳಿದ್ದ ಅಜ್ಜಿ, "ನಂಗೂ ಒಂದು ಚಮಚ ಕೊಡಪ್ಪ, ಸಪ್ಪೇನ ದೊಡ್ಡ ಅಡುಗೆಯವರು ಹ್ಯಾಗೆ ಮಾಡ್ತಾರೆ ನೋಡಾಣ" ಎಂದರು. ಭಾವ ಖುಷಿಯಿಂದ ಕೊಟ್ಟರು. ಅಜ್ಜಿ ಬಾಯಿಗಿಟ್ಟವರೇ ಸೆರಗಿಗೆ ಉಗಿದರು.

"ಇದಕ್ಕೆ ಸಪ್ಪೆ ಅಂತೀಯೇನಪ್ಪ?"

"ತಮಾಷೆ ಮಾಡ್ಬೇಡಿ ಅಜ್ಜಿ. ಇದರಲ್ಲಿ ಏನೂ ಇಲ್ಲ."

"ಏನೂ ಇಲ್ವಾ? ಉಪ್ಪಿನ ಮೂಟೇನೇ ಇದೆ."

ಭಾವ ನಗುತ್ತಲೇ ತಾವೊಂದು ಚಮಚ ತಿಂದರು. ನರ್ಸಿಗೆ ಕೊಟ್ಟರು. ಅವಳು ಅಂಗೈ ಮೇಲೆ ಒಂದು ಹನಿ ಹಾಕಿಕೊಂಡು ನೆಕ್ಕಿ, ತಕ್ಷಣ ಪಾತ್ರೆಯ ಮುಚ್ಚಳ ಮುಚ್ಚಿದಳು. "ನಮ್ಮನೇಲಿ ಎಲ್ಲಾರೂ ತಿನ್ನೋದಕ್ಕಿಂತ ಇದರಲ್ಲಿ ಜಾಸ್ತಿ ಇದೆ ಸಾರ್." ಆಗ ಭಾವ ನನ್ನ ಕಡೆ ತಿರುಗಿದರು. ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. "ಮೆಣಸಿನಕಾಯಿ, ನೀನು ಹೇಳಮ್ಮ. ನೀನು ಸುಳ್ಳು ಹೇಳಲ್ಲ."

ತಿಂದೆ. ಅದು ಭಾವನ ಹಳೆಯ ಅಡುಗೆಯಷ್ಟು ಉಪ್ಪಾಗಿರಲಿಲ್ಲ, ನಿಜ. ಆದರೆ ಸಪ್ಪೆ ಅನ್ನುವ ಮಾತೇ ಇರಲಿಲ್ಲ. ನಾನು ನನ್ನ ಅಡುಗೆಗೆ ಹಾಕುವುದರ ಒಂದೂವರೆ ಪಾಲಾದರೂ ಇತ್ತು. "ಉಪ್ಪಿದೆ ಭಾವ" ಎಂದೆ. ಅದಕ್ಕಿಂತ ಕೆಟ್ಟ ಮಾತುಗಳನ್ನು ಅವರಿಗೆ ಎಷ್ಟೋ ಸಲ ಅಂದಿದ್ದೇನೆ. ಯಾವುದೂ ಹೀಗೆ ನಾಟಿರಲಿಲ್ಲ.

ಅವರು ಮತ್ತೊಂದು ಚಮಚ ತಿಂದರು. ಇನ್ನೊಂದು ತಿಂದರು. ಕಣ್ಣು ಮುಚ್ಚಿ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹುಡುಕಿದರು. ಕುದಿಯುವುದನ್ನು ಬಿಟ್ಟುಕೊಂಡೂ ಬಿಟ್ಟುಕೊಂಡೂ ಮರಗಟ್ಟಿದ ನಾಲಿಗೆ ಅದು, ಮುಷ್ಟಿ ಉಪ್ಪಿಗೆ ಮಾತ್ರ ಎಚ್ಚರವಾಗುವಂಥದ್ದು. "ನನಗೆ ಗೊತ್ತಾಗ್ತಿಲ್ಲ," ಎಂದರು. ಮಂಚದ ಕಬ್ಬಿಣ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟರು.

ಅಕ್ಕ ಎಲ್ಲವನ್ನೂ ನೋಡುತ್ತಿದ್ದಳು. ಅವಳು ಅಳುತ್ತಾಳೆ, ಅಥವಾ ಒಂದು ಸಲವಾದರೂ ಜೋರಾಗಿ ಬೈಯುತ್ತಾಳೆ ಎಂದುಕೊಂಡೆ. ಅವಳು ನಳಿಕೆಯನ್ನು ಸ್ವಲ್ಪ ಸರಿಸಿ, "ರೀ, ಡಾಕ್ಟ್ರಿಗೆ ಒಂದು ಮಾತು ಹೇಳ್ಬಿಡಿ. ನಾನು ಕದ್ದು ತಿಂತಿರಲಿಲ್ಲ ಅಂತ" ಎಂದಳು.

ಭಾವ ಎದ್ದು ಹೋದರು. ನಾನೂ ಹಿಂದೆ ಹೋದೆ. ಹೊರರೋಗಿಗಳ ಸಾಲು ದಾಟಿ ಒಳಗೆ ನುಗ್ಗಿ, ಅಷ್ಟೂ ಜನರಿಗೆ ಕೇಳುವಂತೆ ಹೇಳಿದರು, "ಡಾಕ್ಟ್ರೇ, ನನ್ನ ಹೆಂಡತಿ ಕದ್ದು ತಿಂದಿಲ್ಲ. ಉಪ್ಪು ತಿನ್ನಿಸಿದ್ದು ನಾನು. ನೀವು ಅವಳಿಗೆ ಅಂದಿದ್ದು, ನಾನು ಅಂದಿದ್ದು, ಎರಡೂ ತಪ್ಪು." ಡಾಕ್ಟರಮ್ಮ ಕನ್ನಡಕ ತೆಗೆದು ಇವರನ್ನೇ ನೋಡಿದರು. ತಾವು ಅಂದದ್ದು ಅವರಿಗೆ ನೆನಪೇ ಇರಲಿಲ್ಲ. ದಿನಕ್ಕೆ ಎಷ್ಟು ಜನರಿಗೆ ಹಾಗೆ ಹೇಳುತ್ತಾರೋ. ಆದರೂ ಸಂಜೆ ವಾರ್ಡಿಗೆ ಬಂದು ಅಕ್ಕನ ಕೈ ಹಿಡಿದು, "ತಪ್ಪು ತಿಳ್ಕೊಂಡೆ ಅಮ್ಮ" ಎಂದರು. ಅಕ್ಕನ ಮುಖದಲ್ಲಿ ಎಷ್ಟೋ ತಿಂಗಳ ನಂತರ ನಗು ಕಂಡೆ. ಹೃದಯದ ವಿಷಯವನ್ನು ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಹೇಳಿದರು. ಇನ್ನು ಅದು ಮೊದಲಿನ ಹಾಗಾಗುವುದಿಲ್ಲ, ಇರುವಷ್ಟು ದಿನ ನೋಡಿಕೊಳ್ಳಿ ಎಂದರು.

ಭಾವ ಕ್ಯಾಂಟೀನಿಗೆ ಮತ್ತೆ ಹೋದದ್ದು ಒಂದೇ ದಿನ. ಉಪ್ಪಿನ ಡಬ್ಬವನ್ನು ಒಲೆಯ ಪಕ್ಕದಿಂದ ಎತ್ತಿ ಕಪಾಟಿನಲ್ಲಿಟ್ಟು, ಅದಕ್ಕೆ ಒಂದು ಚಮಚ ಕಟ್ಟಿ, ಹೊಸ ಅಡುಗೆಯವನಿಗೆ ತೋರಿಸಿ ಕೆಲಸ ಬಿಟ್ಟು ಬಂದರು. ಅವರ ಕ್ಯಾಂಟೀನಿನಲ್ಲಿ ಉಂಡು, ಆಮೇಲೆ ಬಿಪಿ ಏರಿ ಲಕ್ವ ಹೊಡೆದ ಹಳಬರ ಸುದ್ದಿ ಅವರಿಗೆ ಒಬ್ಬೊಬ್ಬರದೇ ನೆನಪಾಗುತ್ತಿತ್ತು. "ಎಲ್ಲಾ ನನ್ನಿಂದಾನೇ ಅಂತಲ್ಲ, ಬೀಡಿನೂ ಸೇದ್ತಿದ್ರು" ಎಂದು ಒಮ್ಮೆ ತಾವೇ ಹೇಳಿದರು, ಆದರೆ ಆ ಮಾತನ್ನು ತಾವೇ ನಂಬಲಿಲ್ಲ.

ಅಕ್ಕ ಮನೆಗೆ ಬಂದಮೇಲೆ ಅಡುಗೆ ನಾನು ಮಾಡುತ್ತಿದ್ದೆ, ಟೀ ಚಮಚದಲ್ಲಿ ಅಳೆದು. ನನ್ನ ಕೈರುಚಿಯ ಬಗ್ಗೆ ಹೆಚ್ಚು ಹೇಳದಿರುವುದು ಒಳ್ಳೆಯದು. ಮೊದಮೊದಲು ಅವಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಕೆಲವು ವಾರ ಕಳೆದಮೇಲೆ ಒಂದು ದಿನ ಬೇಯಿಸಿದ ಬೀನ್ಸ್ ತಿನ್ನುತ್ತ, "ಇದು ಸಿಹಿ ಇದೆ ಅಲ್ವೇನೇ?" ಎಂದಳು. ಸತ್ತಿದ್ದ ನಾಲಿಗೆ ಮೆಲ್ಲಗೆ ಜೀವ ಪಡೆಯುತ್ತಿತ್ತು. ಹಾಲಿನಲ್ಲಿ, ಅನ್ನದಲ್ಲಿ, ಕ್ಯಾರೆಟ್ಟಿನಲ್ಲಿ ಅವಳಿಗೆ ರುಚಿ ಸಿಗತೊಡಗಿತು. ಊತವೂ ಇಳಿದು ಪಾದದ ಮೂಳೆ ಕಂಡಿತು. ಇದನ್ನು ಹತ್ತು ವರ್ಷದ ಹಿಂದೆ ಮಾಡಿದ್ದರೆ ಎಂದು ನನಗೆ ಅನ್ನಿಸದ ದಿನವಿಲ್ಲ. ಭಾವನೂ ಅದನ್ನೇ ತಿನ್ನುತ್ತಿದ್ದರು. ಅವರ ನಾಲಿಗೆ ಮಾತ್ರ ಏಳಲಿಲ್ಲ.

ಚಳಿಗಾಲ ಬಂದಾಗ ಅಕ್ಕ ಹಾಸಿಗೆ ಹಿಡಿದಳು. ಇನ್ನು ಪಥ್ಯದಿಂದ ಲಾಭವಿಲ್ಲ, ಕೇಳಿದ್ದು ಕೊಡಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ಏನು ಬೇಕು ಎಂದು ನಾನು ಕೇಳಿದೆ. ಅಕ್ಕ ಬಾಗಿಲಲ್ಲಿ ನಿಂತಿದ್ದ ಗಂಡನನ್ನು ನೋಡಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಒಲೆಯ ಹತ್ತಿರ ಸುಳಿದಿರಲಿಲ್ಲ, ಕೈಗಳನ್ನು ಎಲ್ಲಿಡಬೇಕೋ ತಿಳಿಯದವರಂತೆ ಮನೆಯಲ್ಲಿ ಓಡಾಡುತ್ತಿದ್ದರು.

"ನೀವು ಮಾಡ್ತಿದ್ರಲ್ಲ ಆಲೂಗಡ್ಡೆ, ಮೊದಲಿನ ಹಾಗೆ. ಅದೇ ಬೇಕು."

ಭಾವ ಬೇಡವೆಂದರು. ಅವಳು ಹಟ ಹಿಡಿದಳು. ಕೊನೆಗೆ ಒಲೆ ಹಚ್ಚಿದರು. ಒಳಗಿನಿಂದ ಎಣ್ಣೆ ಕಾಯುವ ಸದ್ದು, ಈರುಳ್ಳಿಯ ವಾಸನೆ ಬಂದಾಗ ಅಕ್ಕ ದಿಂಬಿಗೆ ಒರಗಿ ಕೂತಳು, ತಲೆಗೂದಲು ಸರಿಮಾಡಿಕೊಂಡಳು. ಭಾವ ತಟ್ಟೆ ತಂದು ಅವಳ ಮಡಿಲಲ್ಲಿಟ್ಟು ಎದುರು ಕೂತರು.

ಅಕ್ಕ ಒಂದು ತುತ್ತು ಬಾಯಿಗಿಟ್ಟಳು. ಅವಳ ದವಡೆ ನಿಂತಿತು. ಉಪ್ಪಿನ ಉರಿಗೆ ಕಣ್ಣಂಚಿನಲ್ಲಿ ನೀರು ಬಂತು. ಹೇಗೋ ನುಂಗಿದಳು. "ಚೆನ್ನಾಗಿದೆ ರೀ," ಎಂದಳು. "ಹೀಗೇ ಇರ್ತಿತ್ತು." ಇನ್ನೊಂದು ತುತ್ತಿಗೆ ಕೈ ಹಾಕಿದಳು.

ಭಾವ ಅವಳ ಮುಖವನ್ನೇ ನೋಡುತ್ತಿದ್ದರು. ಬಡಿಸುವ ಕಟ್ಟೆಯ ಹಿಂದೆ ನಿಂತು ಜನರ ಮೊದಲ ತುತ್ತಿನ ಮುಖವನ್ನು ಓದಿಯೇ ಬಾಳು ಕಳೆದವರು ಅವರು. ತಟ್ಟೆಯ ಅಂಚು ಹಿಡಿದು ತಮ್ಮ ಕಡೆ ಎಳೆದುಕೊಂಡರು. "ಬಿಡು, ಸಾಕು."

ಅಕ್ಕ ಬಿಡಲಿಲ್ಲ. "ಇರಲಿ, ತಿಂತೀನಿ. ನೀವು ಮಾಡಿದ್ದು." ಅವಳ ಬೆರಳಿನಲ್ಲಿ ಶಕ್ತಿ ಇರಲಿಲ್ಲ, ಆದರೂ ತಟ್ಟೆ ಕೊಡಲಿಲ್ಲ. ಇಬ್ಬರೂ ಆಚೆಯಿಂದೊಬ್ಬರು ಈಚೆಯಿಂದೊಬ್ಬರು ಹಿಡಿದುಕೊಂಡು ಕೂತೇ ಇದ್ದರು. ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಆ ವಾರವೇ ಅಕ್ಕ ಹೋದಳು. ಊಟದ ವಿಷಯದಲ್ಲಿ ಅವಳು ಭಾವನಿಗೆ ಸುಳ್ಳು ಹೇಳಿದ್ದು ಅದೊಂದೇ ಸಲ, ಅದು ಅವರಿಗೆ ಗೊತ್ತಾಗಿಬಿಟ್ಟಿತ್ತು.